ನಾಳೆಯ ಕನ್ನಡಿಗೆ ಮೂರು ಹುಳುಕು

ನಮ್ಮ ಅಜ್ಜಿಯ ಅಜ್ಜಿಯೂ ಹುಟ್ಟದಿದ್ದ ಕಾಲದಲ್ಲಿ, ಏಳು ಬೆಟ್ಟಗಳಾಚೆ ಮಂದಾರಪುರಿ ಎಂಬ ರಾಜ್ಯವಿತ್ತು. ಅಲ್ಲೊಂದು ಪದ್ಧತಿ. ಹೊಸದಾಗಿ ಏನೇ ಮಾಡಿದರೂ ಮೊದಲು ಊರಬಾಗಿಲ ಕಲ್ಲಿನ ಮೇಲಿಡಬೇಕು. ಬಳಸುವ ಮೂವರು ಬಂದು ಹುಳುಕು ಹೇಳಬೇಕು. ಮೂವರೂ ಒಪ್ಪಿದರೆ ಮಾತ್ರ ಅದು ಊರೊಳಗೆ. ರಾಜನ ಸಿಂಹಾಸನವೂ ಒಮ್ಮೆ ಕಾಲು ಅಲುಗುತ್ತದೆಂದು ವಾಪಸು ಹೋಗಿತ್ತು!

ಒಂದು ದಿನ ಕುಹಕಾಂಗನೆಂಬ ಮಾಯಾವಿ ಆಳೆತ್ತರದ ಕನ್ನಡಿ ಹೊತ್ತು ತಂದ. ಅದರಲ್ಲಿ ಮುಂದಿನ ಕಾಲ ಕಾಣುತ್ತಿತ್ತು. ಎತ್ತಿಲ್ಲದೆ ಓಡುವ ಬಂಡಿ, ಎಣ್ಣೆಯಿಲ್ಲದೆ ಉರಿಯುವ ದೀಪ. ಜನ ಬೆರಗಾಗಿ ಅದನ್ನು ಕಲ್ಲಿನ ಮೇಲಿಡುವುದನ್ನೇ ಮರೆತರು. ನಾನಿದ್ದರೂ ಮರೆಯುತ್ತಿದ್ದೆ ಬಿಡಿ. ಆದರೆ ನೋಡಿದವರ ಕೈಯ ಕಸುಬೆಲ್ಲ ಮಾಯಾವಿಯ ಚೀಲ ಸೇರುತ್ತಿತ್ತು.

ಸೀರೆ ನೇಯುವ ಹೊನ್ನವ್ವ ಕನ್ನಡಿಯಲ್ಲಿ ತಾನಾಗಿಯೇ ನೇಯುವ ಮಗ್ಗ ಕಂಡು ಹಿಗ್ಗಿ ಮನೆಗೆ ಬಂದಳು. ಕೂತು ನೋಡಿದರೆ ಹರಿದ ಎಳೆಗೆ ಗಂಟು ಹಾಕಲೂ ಬರಲಿಲ್ಲ.

“ನನ್ನ ಕೈ ನಂದಲ್ಲ ಅನ್ನಿಸ್ತಿದೆ ಕಣೇ,” ಎಂದು ಅತ್ತಳು.

ಮರಗೆಲಸ ಬಲ್ಲ ಮಗಳು ತುಂಗವ್ವ ಅಮ್ಮನ ಕಣ್ಣೊರೆಸಿದಳು. ಕನ್ನಡಿ ನೋಡಿದ ಕುಂಬಾರನ ಮಡಕೆಯೂ ನಿಲ್ಲುತ್ತಿಲ್ಲವೆಂದು ಕೇಳಿದ್ದೇ ಅರಮನೆಗೆ ಓಡಿದಳು. “ಕನ್ನಡಿ ಕಲ್ಲಿಗೆ ಬರಲಿ, ಮಹಾಪ್ರಭು!”

ಮಾಯಾವಿ ನಕ್ಕ. “ಆಗಲಿ. ಮೂವರೂ ಒಪ್ಪಿದರೆ ನೀನು ಮರದ ಬೊಂಬೆ. ಒಬ್ಬರು ಒಪ್ಪದಿದ್ದರೂ ನನ್ನ ಚೀಲದಲ್ಲಿರುವುದೆಲ್ಲ ವಾಪಸು.”

ಕನ್ನಡಿ ಕಲ್ಲಿಗೇರಿತು. ಮೊದಲು ರೈತ ಮಾರಯ್ಯ ನೋಡಿದ. “ನೇಗಿಲು ತಾನೇ ಉಳ್ತಿದೆ. ಪಕ್ಕದವನ ಬದುವನ್ನೂ ಉತ್ತುಬಿಟ್ರೆ?”

“ನಿನ್ನ ಹೊಲ ದೊಡ್ಡದಾಗುತ್ತದೆ, ಅಷ್ಟೇ!” ಎಂದ ಮಾಯಾವಿ.

ಮಾರಯ್ಯ ತಲೆ ಕೆರೆದುಕೊಂಡು ಒಪ್ಪಿದ. ತುಂಗವ್ವ ಮಂಡಿಯವರೆಗೆ ಮರವಾದಳು.

ಆಮೇಲೆ ರಾಜ ನೋಡಿದ. “ಕಬ್ಬಿಣದ ಆನೆ! ಮಾವುತನೇ ಇಲ್ಲ. ನಮ್ಮ ಮೇಲೇ ತಿರುಗಿಬಿದ್ದರೆ?”

“ತಮ್ಮಂಥ ವೀರರ ಮಾತು ಮೀರುತ್ತದೆಯೇ, ಪ್ರಭು?”

ರಾಜ ಮೀಸೆ ತಿರುವಿ ಒಪ್ಪಿದ. ತುಂಗವ್ವ ಕುತ್ತಿಗೆಯವರೆಗೆ ಮರವಾದಳು.

ಕೊನೆಗೆ ಹೊನ್ನವ್ವ. ಅವಳು ಮಗಳತ್ತ ನೋಡಿ ಕಣ್ಣೊರೆಸಿಕೊಂಡು, ಕನ್ನಡಿಗೆ ಮೂಗು ತಾಗುವಷ್ಟು ಬಗ್ಗಿದಳು.

“ಮಗ್ಗ ಚೆಂದ ಇದೆಯಪ್ಪ, ಇಲ್ಲ ಅನ್ನಲ್ಲ. ನನ್ನ ಸೊಂಟನೋವೂ ತಪ್ಪುತ್ತೆ. ಎಳೆ ಹರಿದರೆ ಗಂಟು ಹಾಕೋರು ಯಾರು?”

“ತಾನೇ ಹಾಕಿಕೊಳ್ಳುತ್ತದೆ.”

“ಸೆರಗಿಗೆ ಹೊಸ ಚಿತ್ತಾರ?”

“ಅದೂ ತಾನೇ.”

“ಹಾಗಾದ್ರೆ ಸೀರೆ ಉಡೋರು ಯಾರು? ಮಗ್ಗ ಇರೋ ಆ ಮನೇಲಿ ನಾನೆಲ್ಲಿ, ನನ್ನ ಮಗಳೆಲ್ಲಿ? ತೋರಿಸು ನೋಡೋಣ.”

ಮಾಯಾವಿ ಕನ್ನಡಿ ಒರೆಸಿದ, ತಿರುಗಿಸಿದ, ಬೆವರಿದ. ಬಂಡಿಯಲ್ಲಿ ಯಾರೂ ಇಲ್ಲ, ದೀಪದ ಕೆಳಗೂ ಯಾರೂ ಇಲ್ಲ. ಇಡೀ ಮುಂದಿನ ಕಾಲದಲ್ಲಿ ಅವನು ಒಬ್ಬನೇ ಒಬ್ಬ ಮನುಷ್ಯನನ್ನೂ ಇಟ್ಟಿರಲಿಲ್ಲ!

“ನಾನು ಒಪ್ಪಲ್ಲ,” ಎಂದಳು ಹೊನ್ನವ್ವ.

ಕನ್ನಡಿ ಚೂರಾಯಿತು, ಚೀಲ ಹರಿಯಿತು, ಮಾಯಾವಿ ಹೊಗೆಯಾದ. ಮರದ ಮೈ ಕಳಚಿದ ತುಂಗವ್ವ ಓಡಿಬಂದು ಅಮ್ಮನ ಕೈ ಹಿಡಿದಳು. ಕೈಗೆ ಕಸುಬು ಮರಳಿತ್ತು. ಇಬ್ಬರೂ ಮನಸಾರೆ ಅತ್ತರು.

ದಾರಿಯಲ್ಲಿ ಹೊನ್ನವ್ವ ಮೆಲ್ಲಗೆ ಕೇಳಿದಳು: “ಆ ಮಗ್ಗ ಮಾತ್ರ ಚೆನ್ನಾಗಿತ್ತು. ನಮ್ಮ ಕೈಲಿ ಆಗುತ್ತಾ?”

ಮೂರು ತಿಂಗಳಾದ ಮೇಲೆ, ಕಾಲಲ್ಲಿ ತುಳಿದರೆ ಅರ್ಧ ಕೆಲಸ ತಾನೇ ಮಾಡುವ ಮಗ್ಗವನ್ನು ತುಂಗವ್ವ ಕಟ್ಟಿ ತಂದು ಕಲ್ಲಿನ ಬಳಿ ಇಳಿಸಿದಳು. ಹುಳುಕು ಹೇಳಲು ಎಲ್ಲರಿಗಿಂತ ಮೊದಲು ಬಂದು ಕೂತವಳು ಅವಳಮ್ಮ. ಅಂದಿನಿಂದ ಮಂದಾರಪುರಿಯವರು ದಿನಕ್ಕೊಂದು ಹೊಸದು ಮಾಡುತ್ತ, ಅದಕ್ಕೆ ನೂರು ಹುಳುಕು ಹೇಳುತ್ತ, ಸುಖವಾಗಿ ಬಾಳಿದರು.