ತುಟಿ ನಿಲ್ಲುವವರೆಗೂ

"ಯಾರಾದ್ರೂ ಇದ್ದೀರಾ...? ಲಿಫ್ಟ್ ನಿಂತೋಗಿದೆ! ಪ್ಲೀಸ್...!"

ಒಳಗೆ ಗವ್ವೆನ್ನುವ ಕತ್ತಲೆ. ಒಮ್ಮೆ ಜಗ್ಗಿ ನಿಂತ ಲಿಫ್ಟು ಮೇಲೂ ಹೋಗದೆ, ಕೆಳಗೂ ಇಳಿಯದೆ, ಎರಡು ಮಹಡಿಗಳ ನಡುವೆ ತ್ರಿಶಂಕುವಿನಂತೆ ನೇತಾಡುತ್ತಿತ್ತು.

ಒಳಗಿದ್ದವಳು ಒಬ್ಬಳೇ. ಮೇಲಿನ ಮಹಡಿಯ ಡಬ್ಬಿಂಗ್ ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಗಿಣಿ ಎಂದೇ ಕರೆಯುತ್ತಿದ್ದರು. ಬೇರೆಯವರ ಮಾತನ್ನು ತನ್ನ ಬಾಯಲ್ಲಿ ಹೇಳುವುದೇ ಅವಳ ಕಸುಬು. ಕಾರ್ಟೂನಿನ ಮೊಲಕ್ಕೆ, ಸೋಪಿನ ಜಾಹೀರಾತಿನ ಮಗುವಿಗೆ, ಧಾರಾವಾಹಿಯಲ್ಲಿ ಕಳೆದುಹೋಗುವ ಪಾಪುವಿಗೆ, ಎಲ್ಲಕ್ಕೂ ಅವಳದೇ ದನಿ. ಹೆದರಿದರಂತೂ ಅವಳು ನಟಿಸಬೇಕಾಗಿಯೂ ಇರಲಿಲ್ಲ. ದನಿ ತಾನಾಗಿಯೇ ಪುಟ್ಟ ಮಗುವಿನದಾಗಿಬಿಡುತ್ತಿತ್ತು.

ಈಗ ಆದದ್ದೂ ಅದೇ.

"ಹೆದರ್ಬೇಡ ಪುಟ್ಟಾ!" ಮೇಲಿನಿಂದ ಗಂಡಸಿನ ದನಿಯೊಂದು ಇಳಿದುಬಂತು. "ನಾನು ಲಿಫ್ಟ್ ಮೆಕ್ಯಾನಿಕ್ಕು. ಜೊತೇಲಿ ದೊಡ್ಡೋರು ಯಾರೂ ಇಲ್ವಾ?"

'ಪುಟ್ಟಾ ಅಂತೆ! ಇರ್ಲಿ, ಮೊದಲು ಜೀವ ಉಳೀಲಿ. ಮರ್ಯಾದೆ ಆಮೇಲೆ ನೋಡ್ಕೊಳ್ಳೋಣ...'

"ಇಲ್ಲ ಅಂಕಲ್! ಹಗ್ಗ ಕಿತ್ತೋಗುತ್ತಾ ಅಂಕಲ್?"

"ಹಗ್ಗ ಕಿತ್ತೋದ್ರೆ ನನ್ ಕೆಲ್ಸಾನೂ ಕಿತ್ತೋಗುತ್ತೆ. ಅಷ್ಟು ಸುಲಭಕ್ಕೆ ಬಿಡ್ತೀನಾ? ಏನಾದ್ರೂ ಮಾತಾಡ್ತಾ ಇರು, ಭಯ ಹೋಗುತ್ತೆ."

ಏನು ಮಾತಾಡುವುದು? ತಲೆ ಖಾಲಿ. ಹೇಳಿ ಹೇಳಿ ಬಾಯಿಗೆ ಅಂಟಿಕೊಂಡಿದ್ದ ಒಂದು ಸಾಲು ಮಾತ್ರ ತಾನಾಗಿಯೇ ಜಾರಿತು.

"ಊಟ ಆಯ್ತಾ ನಿಮ್ದು?"

ಠಣ್ಣ್!

ಲಿಫ್ಟಿನ ತಲೆಯ ಮೇಲೆ ಸ್ಪ್ಯಾನರ್ ಬಿತ್ತು.

"ಅಂಕಲ್...? ಇದ್ದೀರಾ?"

"ಇನ್ನೊಂದ್ಸಲ ಹೇಳು." ಅವನ ದನಿ ಬದಲಾಗಿತ್ತು.

"ಊಟ ಆಯ್ತಾ... ಅಂದೆ."

ಬಾಗಿಲು ಕಿರ್ರೆಂದು ಬಿಚ್ಚಿಕೊಂಡಿತು. ಬೆಳಕಿನಲ್ಲಿ ಅವನು ಮಂಡಿಯೂರಿ ಎರಡೂ ಕೈ ಚಾಚಿದ್ದ, ಮಗುವನ್ನು ಎತ್ತಿಕೊಳ್ಳುವವನಂತೆ. ಗ್ರೀಸ್ ಮೆತ್ತಿದ ಮುಖ, ತುಂಬಿದ ಕಣ್ಣು. ಆ ಕೈಗೆ ಸಿಕ್ಕಿದ್ದು ಮಾತ್ರ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಕಾಡಿಗೆ ಕದಡಿಕೊಂಡು ನಿಂತಿದ್ದ, ಮದುವೆ ವಯಸ್ಸಿನ ಹುಡುಗಿ!

ಕಣ್ಣಿಗೆ ಕಣ್ಣು ಸೇರಿತು. ಸಿನಿಮಾ ಆಗಿದ್ದರೆ ಇಲ್ಲೊಂದು ಹಾಡು ಬರಬೇಕಿತ್ತು. ಇಲ್ಲಿ ಬಂದದ್ದು ಜಗಳ.

"ಪುಟ್ಟಿ ಎಲ್ಲಿ?"

"ಯಾವ್ ಪುಟ್ಟಿ? ಒಳಗಿದ್ದಿದ್ದು ನಾನೊಬ್ಳೇ."

"ಸುಳ್ಳು! ನನ್ ಮಗಳ ದನಿ ನನಗೆ ಗೊತ್ತಾಗಲ್ವೇನ್ರೀ?"

ಗಿಣಿಗೆ ತಟ್ಟನೆ ಹೊಳೆಯಿತು. ಇವನು ದಾನಿ!

ಅದೇ ಕಟ್ಟಡದಲ್ಲಿ ಒಂದು ಟ್ರಸ್ಟ್ ಇತ್ತು. ಕಡಲಾಚೆಯ ಒಂದು ದೇಶದಲ್ಲಿ, ಗುಂಡಿನ ಸದ್ದಿನ ನಡುವೆಯೇ, ಅಪ್ಪ ಅಮ್ಮ ಇಲ್ಲದ ಮಕ್ಕಳಿಗೆಂದು ಶಾಲೆಯೊಂದು ನಡೆಯುತ್ತಿತ್ತು. ಇಲ್ಲಿಯ ಜನ ಒಬ್ಬೊಬ್ಬರು ಒಂದೊಂದು ಮಗುವಿನ ಓದಿಗೆ ದುಡ್ಡು ಕೊಡುತ್ತಿದ್ದರು. ಆಗಾಗ ಆ ಮಗು ತನ್ನ ದಾನಿಗೆ ಮಾತಾಡಿದ ವಿಡಿಯೋ ಬರುತ್ತಿತ್ತು. ಅಲ್ಲಿಯ ಟೀಚರ್ ಮಾತಿನ ಅರ್ಥ ಕಳಿಸುತ್ತಿದ್ದರು. ಮಗುವಿನ ದನಿ ಮೊದಲೇ ತೆಗೆದು, ಬರೀ ತುಟಿ ನೋಡಿ ಗಿಣಿ ಆಡಿದ ಮಾತನ್ನು ಆ ಜಾಗದಲ್ಲಿ ಕೂರಿಸಲಾಗುತ್ತಿತ್ತು.

ಅದು ಡಬ್ಬಿಂಗ್ ಎಂದು ದಾನಿಗಳಿಗೆ ಯಾರೂ ಹೇಳಿರಲಿಲ್ಲ. ಅಷ್ಟು ಸಣ್ಣ ಮಗು ನಮ್ಮ ಭಾಷೆ ಹೇಗೆ ಕಲಿತೀತು ಎಂದು ಯಾರೂ ಕೇಳಿರಲಿಲ್ಲ. ಪ್ರೀತಿ ಇದ್ದಲ್ಲಿ ಲಾಜಿಕ್ ರಜಾ ಹಾಕಿಬಿಡುತ್ತದೆ.

ಟ್ರಸ್ಟಿನ ಮೇಡಂ ಅವನನ್ನು ಕೂರಿಸಿ, ನೀರು ಕೊಟ್ಟು, ಎಲ್ಲವನ್ನೂ ವಿವರಿಸಿದರು. "ನೀನು ಓದಿಸ್ತಿರೋ ಪುಟ್ಟಿ ನಿಜ ಅಪ್ಪಾ. ಓದ್ತಿರೋದೂ ನಿಜ. ದನಿ ಒಂದು ಮಾತ್ರ ಇವಳದು."

ಅವನು ನೀರಿನ ಲೋಟ ಕೆಳಗಿಟ್ಟ. ಆಮೇಲೆ ಗಿಣಿಯ ಕಡೆ ತಿರುಗಿದ.

"ಅಂಕಲ್ ಅಂದ್ರಲ್ಲ... ನನಗಿನ್ನೂ ಮೂವತ್ತಾಗಿಲ್ಲ."

"ಪುಟ್ಟಾ ಅಂದ್ರಲ್ಲ, ನನಗೂ ಏಳಾಗಿಲ್ಲ... ಅಂದ್ರೆ, ಆಗಿ ಯಾವ ಕಾಲ ಆಯ್ತು!"

ಅವನು ನಕ್ಕ. ಗ್ರೀಸಿನ ನಡುವೆ ಹಲ್ಲು ಮಾತ್ರ ಬೆಳ್ಳಗೆ ಹೊಳೆದವು. ಅಲ್ಲಿಗೆ ಮುಗಿಯಿತು ಗಿಣಿಯ ಕಥೆ.

* * *

ಅಂದಿನಿಂದ ಆ ಕಟ್ಟಡದ ಲಿಫ್ಟಿಗೆ ಸಿಕ್ಕ ಆರೈಕೆ ಆಸ್ಪತ್ರೆಯ ಲಿಫ್ಟಿಗೂ ಸಿಕ್ಕಿರಲಿಕ್ಕಿಲ್ಲ. ನಿನ್ನೆ ಎಣ್ಣೆ ಬಿಟ್ಟಿದ್ದಕ್ಕೆ ಇವತ್ತು ಮತ್ತೆ ಎಣ್ಣೆ. ಸರಿಯಿದ್ದ ಬಟನ್ ಬಿಚ್ಚಿ ಅದೇ ಬಟನ್ ಹಾಕುವುದು. ಸ್ಟುಡಿಯೋದ ರೆಕಾರ್ಡಿಸ್ಟ್ ಸೌಂಡಣ್ಣ ಹೆಸರಿಗೆ ತದ್ವಿರುದ್ಧವಾಗಿ ಸೌಂಡೇ ಮಾಡದ ಮನುಷ್ಯ. ಅವನೂ ಒಂದು ದಿನ ಬಾಯಿ ಬಿಟ್ಟ.

"ಗಿಣಿ, ಕೆಟ್ಟಿರೋದು ಲಿಫ್ಟಾ, ಹುಡುಗನಾ?"

ಮನೆಯಲ್ಲಿ ಅಕ್ಕನದು ಬೇರೆ ವರಸೆ. "ಏನೇ, ಒಬ್ಳೇ ನಗ್ತಿದ್ದೀಯ? ಭಾವನಿಗೆ ಹೇಳ್ಲಾ, ಒಂದು ಜೊತೆ ಹಾರ ತನ್ನಿ ಅಂತ?"

"ಥೂ, ಹೋಗೇ ಅಕ್ಕಾ!"

ಮೆಟ್ಟಿಲ ಮೇಲೆ ಅವಳ ಪಕ್ಕ ಕೂತು ಟೀ ಕುಡಿಯುವಾಗ ಅವನು ತನ್ನ ಕಥೆ ಹೇಳಿದ್ದ. ಅಮ್ಮ ಹೋದ ಮೇಲೆ ಮಾವನ ಮನೆ. ಶಾಲೆ ಬಿಡಿಸಿ ವರ್ಕ್‌ಶಾಪಿಗೆ ಹಾಕಿದರು. ಪಾಠದ ಪುಸ್ತಕದ ಹಾಳೆಯಲ್ಲೇ ಬೋಲ್ಟ್ ಕಟ್ಟಿ ಕೊಡುತ್ತಿದ್ದರು.

"ಒಬ್ರಾದ್ರೂ ಓದ್ಲಿ ಅಂತ ಕೊಡೋಕೆ ಶುರು ಮಾಡ್ದೆ. ಆದ್ರೆ ಈಗ ಕೊಡ್ತಿರೋದು ಅದಕ್ಕಲ್ಲ."

"ಮತ್ತೆ?"

"ಪ್ರತಿ ವಿಡಿಯೋದಲ್ಲೂ ಕೊನೇಲಿ ಕೇಳ್ತಾಳಲ್ಲ, ಊಟ ಆಯ್ತಾ ಅಂತ... ಅಮ್ಮ ಹೋದ್ಮೇಲೆ ನನ್ನ ಯಾರೂ ಹಾಗೆ ಕೇಳಿರ್ಲಿಲ್ಲ ಗಿಣಿ. ಅಷ್ಟು ಕಷ್ಟದಲ್ಲಿರೋ ಮಗು ನನ್ನ ಕೇಳುತ್ತೆ! ಫೋನ್ ಮುಂದೆ ಕೂತು 'ಆಯ್ತು ಪುಟ್ಟಿ' ಅಂತೀನಿ. ಆಗಿಲ್ದಿದ್ರೆ ಎದ್ದು ಹೋಗಿ ಉಂಡು ಬಂದು ಅಂತೀನಿ. ಅವಳಿಗೆ ಸುಳ್ಳು ಹೇಳ್ಬಾರ್ದಲ್ಲ..."

ಗಿಣಿ ಬಾಯಿಗೆ ಎತ್ತಿದ್ದ ಲೋಟವನ್ನು ಹಾಗೇ ಕೆಳಗಿಟ್ಟಳು.

ಏಕೆಂದರೆ ಆ ಮಾತು ಪುಟ್ಟಿಯದಲ್ಲ!

ಟೀಚರ್ ಕಳಿಸುತ್ತಿದ್ದ ಅರ್ಥ ಚಿಕ್ಕದು. ಚೆನ್ನಾಗಿದ್ದೇನೆ, ಓದುತ್ತಿದ್ದೇನೆ, ಥ್ಯಾಂಕ್ಸ್. ಅದು ಮುಗಿದರೂ ಪರದೆಯ ಮೇಲೆ ಮಗುವಿನ ತುಟಿ ಇನ್ನೂ ಆಡುತ್ತಿತ್ತು. ತುಟಿ ನಿಲ್ಲುವವರೆಗೂ ದನಿ ಇರಬೇಕು, ಅದು ಡಬ್ಬಿಂಗಿನ ಮೊದಲ ಪಾಠ. "ಏನಾದ್ರೂ ತುಂಬಮ್ಮಾ" ಎಂದಿದ್ದ ಸೌಂಡಣ್ಣ. ಹಸಿದಿದ್ದ ಗಿಣಿಗೆ ಆಗ ಹೊಳೆದದ್ದು ಅದೊಂದೇ. ತುಟಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಮುಂದಿನ ವಿಡಿಯೋದಲ್ಲೂ ಕೊನೆಗೆ ಅದೇ ತುಟಿಯಾಟ, ಅದೇ ಸಾಲು. ಅದರ ಮುಂದಿನದರಲ್ಲೂ.

'ಹೇಳಿಬಿಡಲಾ? ಹೇಳಿದ್ರೆ ಇವನ ಅಮ್ಮನ್ನ ಇನ್ನೊಂದ್ಸಲ ಕಿತ್ಕೊಂಡ ಹಾಗಾಗಲ್ವಾ? ಆಮೇಲೆ ನನ್ನ ಮುಖ ನೋಡ್ತಾನಾ?'

ಅವಳು ಹೇಳಲಿಲ್ಲ. ಟೀ ಆರಿಹೋಯಿತು.

* * *

ಆಮೇಲೆ ಆ ಸುದ್ದಿ ಬಂತು.

ಯುದ್ಧ ಶಾಲೆಯ ಊರಿಗೇ ಬಂದಿತ್ತು. ಮಕ್ಕಳನ್ನು ಲಾರಿಗಳಲ್ಲಿ ತುಂಬಿ ಎಲ್ಲೆಲ್ಲಿಗೋ ಒಯ್ದರಂತೆ. ಯಾರು ಯಾವ ಕಡೆ ಹೋದರೋ ಯಾರಿಗೂ ತಿಳಿಯದು. ಟೀಚರ್ ಫೋನ್ ಹತ್ತುತ್ತಿರಲಿಲ್ಲ. ಹೊರಡುವ ಮುಂಚೆ ಕಳಿಸಿದ ಕೊನೆಯ ವಿಡಿಯೋಗಳು ಮಾತ್ರ ಬಂದಿದ್ದವು. ಯಾವುದರ ಜೊತೆಗೂ ಟೀಚರ್ ಬರೆದ ಅರ್ಥ ಇರಲಿಲ್ಲ.

"ನೀನೇ ಏನಾದ್ರೂ ಹೇಳಮ್ಮಾ," ಟ್ರಸ್ಟಿನ ಮೇಡಂ ದನಿಯಲ್ಲೂ ಜೀವವಿರಲಿಲ್ಲ. "ಶಾಲೆ ಮತ್ತೆ ಶುರುವಾಗುತ್ತೆ, ಕೈ ಬಿಡ್ಬೇಡಿ ಅಂತ. ದಾನಿಗಳು ಉಳ್ಕೊಂಡ್ರೆ ಮುಂದೆ ನೋಡ್ಬಹುದು."

ಸ್ಟುಡಿಯೋದ ಗಾಜಿನಾಚೆ ಲಿಫ್ಟ್ ಮೆಕ್ಯಾನಿಕ್ ನಿಂತಿದ್ದ. ಶೇವ್ ಮಾಡಿರಲಿಲ್ಲ. ಮೈಕಿನ ಮುಂದೆ ಗಿಣಿ. ಪರದೆಯ ಮೇಲೆ ಪುಟ್ಟಿ, ಮುಂದಿನ ಎರಡು ಹಲ್ಲಿಲ್ಲದ ಪುಟ್ಟಿ, ಹಿಂದೆ ಖಾಲಿ ಬೆಂಚುಗಳು.

"ಕೊನೇಲಿ ಆ ಮಾತು ಇರುತ್ತಲ್ವಾ ಗಿಣಿ?" ಅವನು ಗಾಜಿಗೆ ಹಣೆ ಒತ್ತಿದ್ದ, ದನಿ ಸೌಂಡಣ್ಣನ ಮೈಕಿನಿಂದ ಅವಳ ಹೆಡ್‌ಫೋನಿಗೆ ಬಂತು. "ಲಾರಿ ಹತ್ತೋ ದಿನಾನೂ ಕೇಳಿರ್ತಾಳೆ ನೋಡು, ನನ್ ಬಂಗಾರ..."

ಗಿಣಿ ಮೈಕಿನ ಮುಂದಿನಿಂದ ಎದ್ದಳು. ಹೆಡ್‌ಫೋನ್ ತೆಗೆದಿಟ್ಟು ಹೊರಗೆ ಬಂದಳು.

"ಅದನ್ನ ಅವಳು ಯಾವತ್ತೂ ಕೇಳಿಲ್ಲ. ಅದು ನನ್ ಮಾತು. ತುಟಿ ತುಂಬಕ್ಕೆ ನಾನು ಹಾಕಿದ್ದು."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಮೆಟ್ಟಿಲ ಮೇಲೆ ಹೇಳಿದ್ನಲ್ಲ ನಾನು... ಅವತ್ತು ಪಕ್ಕದಲ್ಲೇ ಕೂತಿದ್ಯಲ್ಲ ನೀನು."

"ಭಯ ಆಯ್ತು..."

"ನನ್ ಜೊತೆ ಆಡಿದ ಮಾತೂ ಡಬ್ಬಿಂಗೇನಾ ಗಿಣಿ? ಎಲ್ಲಿ ಖಾಲಿ ಕಾಣ್ತೋ ಅಲ್ಲಿ ತುಂಬ್ದೆ?"

"ಹಾಗಲ್ಲ..."

ಅವನು ಲಿಫ್ಟ್ ಹತ್ತಲಿಲ್ಲ. ಮೆಟ್ಟಿಲಿಳಿದು ಹೋದ. ಅವನ ಹೆಜ್ಜೆಯ ಸದ್ದು ನಿಲ್ಲುವ ತನಕ ಅವಳು ಅಲ್ಲೇ ನಿಂತಿದ್ದಳು.

ಪುಟ್ಟಿಯ ಕೊನೆಯ ವಿಡಿಯೋಗೆ ಅವಳು ದನಿ ಕೊಡಲಿಲ್ಲ. ಮೇಡಂ ಬೈಯಲೂ ಇಲ್ಲ. ದುಡ್ಡು ಬಂದರೂ ಕಳಿಸಲು ಈಗ ವಿಳಾಸವೇ ಇರಲಿಲ್ಲ. ಟ್ರಸ್ಟಿನ ಬಾಗಿಲಿಗೆ 'ಬಾಡಿಗೆಗೆ ಇದೆ' ಎಂಬ ಬೋರ್ಡು ಬಿತ್ತು. ಲಿಫ್ಟ್ ನೋಡಲು ಬೇರೆ ಯಾರೋ ಬರತೊಡಗಿದರು. ಮನೆಯಲ್ಲಿ ಅಕ್ಕ ತಮಾಷೆ ಮಾಡುವುದನ್ನೇ ಬಿಟ್ಟಳು. ಅದು ಇನ್ನೂ ಕಷ್ಟವಾಯಿತು.

* * *

ಒಂದು ಮಧ್ಯಾಹ್ನ ಸ್ಟುಡಿಯೋದ ಬಾಗಿಲು ತೆರೆದುಕೊಂಡಿತು.

ಅವನೇ!

ಗಿಣಿ ತಟ್ಟನೆ ಎದ್ದು ನಿಂತಳು. ಅವನ ತೋಳು ಹಿಡಿದು ಒಬ್ಬ ಅಜ್ಜಿ ಬಂದಿದ್ದರು. ಪುಟ್ಟಿಯ ದೇಶದವರಂತೆ. ಗಂಡನ ಚಿಕಿತ್ಸೆಗೆಂದು ಬಂದು, ಅಲ್ಲಿಯ ದಾರಿಗಳೆಲ್ಲ ಮುಚ್ಚಿದ್ದರಿಂದ ಇಲ್ಲೇ ಉಳಿದವರು. ಅವರು ಆಸ್ಪತ್ರೆಯ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡಾಗ ಹೊರಗೆ ತೆಗೆದವನು ಇವನು. ನಮ್ಮ ಭಾಷೆಯನ್ನು ತಡವರಿಸಿಕೊಂಡು ಆಡುತ್ತಿದ್ದರು.

"ಜಗಳಕ್ಕೆ ಬಂದಿಲ್ಲ," ಅವನು ಅವಳ ಮುಖ ನೋಡದೆ ಹೇಳಿದ. "ನಿನ್ ಮಾತು ಯಾವ್ದು ಅಂತ ಗೊತ್ತಾಯ್ತು. ಅವಳ ಮಾತು ಯಾವ್ದು ಅಂತ ತಿಳ್ಕೊಬೇಕು. ಅಷ್ಟೇ."

ಸೌಂಡಣ್ಣ ಏನೂ ಕೇಳದೆ ಕೊನೆಯ ವಿಡಿಯೋ ಹಾಕಿದ. ಈ ಸಲ ಗಿಣಿಯ ದನಿ ಇರಲಿಲ್ಲ.

ಪುಟ್ಟಿಯ ದನಿ... ಅಯ್ಯೋ, ಅದು ಮುದ್ದು ದನಿಯೇ ಅಲ್ಲ! ಸ್ವಲ್ಪ ಗೊಗ್ಗರು, ಗಡಸು, ಹಟಮಾರಿ ದನಿ. ಇಷ್ಟು ಕಾಲ ಇಬ್ಬರಿಗೂ ಅದರ ಪರಿಚಯವೇ ಇರಲಿಲ್ಲ.

ಅಜ್ಜಿ ಒಂದೊಂದೇ ಮಾತು ಬಿಡಿಸಿದರು. "ಲಾರಿ ಬರುತ್ತೆ... ಚೀಲ ಇಡೋಕೆ ಜಾಗ ಇಲ್ಲ ಅಂತೆ... ಭಾಗಾಕಾರ ಅರ್ಧ ಆಗಿದೆ. ಇನ್ನರ್ಧ ಯಾರು ಹೇಳ್ಕೊಡ್ತಾರೆ, ಕೇಳ್ತಾಳೆ..."

ಕೊನೆಗೆ ಬಂತು ಆ ಹಳೆಯ ತುಟಿಯಾಟ. ಪುಟ್ಟಿ ಕ್ಯಾಮೆರಾಗೆ ಮೂಗು ತಾಗುವಷ್ಟು ಹತ್ತಿರ ಬಂದು ಏನೋ ಕೇಳಿದಳು.

ಅಜ್ಜಿ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡರು.

"ಏನಂದ್ಲು ಅಜ್ಜಿ?"

"ನಾನು ಹೇಳೋದು... ನಿಮಗೆ ಕೇಳಿಸ್ತಾ ಇದೆಯಾ? ಅಂತ."

ಸೌಂಡಣ್ಣ ಹಳೆಯ ವಿಡಿಯೋಗಳನ್ನೂ ಹಾಕಿದ. ಎಲ್ಲದರ ಕೊನೆಯಲ್ಲೂ ಅದೇ ಪ್ರಶ್ನೆ. ಎರಡನೆಯದರಲ್ಲೂ, ಮೂರನೆಯದರಲ್ಲೂ.

ಗಿಣಿ ಗೋಡೆಗೊರಗಿ ನೆಲಕ್ಕೆ ಕುಸಿದಳು. "ಅವಳು ಅದನ್ನ ಕೇಳ್ತಿದ್ಲು... ನಾನು ಅವಳ ದನಿ ಮೇಲೇ ಕೂತ್ಕೊಂಡು ಊಟದ ಮಾತಾಡ್ತಿದ್ದೆ! ಅವಳ ಬಾಯಿ ಮುಚ್ಚಿದ್ದು ನಾನೇ."

ಅವನು ಅವಳ ಪಕ್ಕದಲ್ಲಿ ನೆಲದ ಮೇಲೇ ಕೂತ. ಇಲ್ಲ ಎಂದು ಸಮಾಧಾನ ಹೇಳಲಿಲ್ಲ.

"ನೀನು ಮುಚ್ಚಿದೆ. ನಾನು 'ಆಯ್ತು ಪುಟ್ಟಿ, ಊಟ ಆಯ್ತು' ಅಂತ ಖುಷಿಯಾಗಿ ಕೂತಿದ್ದೆ. ಇಬ್ರೂ ಸೇರೇ ಮಾಡಿದ್ದು ಗಿಣಿ. ಈ ಪಾಪ ಒಬ್ಬಳೇ ಹೊತ್ಕೊಂಡು ಹೋಗ್ಬೇಡ."

ಸೌಂಡಣ್ಣ ಅಜ್ಜಿಯನ್ನು ಕರೆದುಕೊಂಡು ಸದ್ದಿಲ್ಲದೆ ಹೊರಗೆ ಹೋದ. ಪರದೆಯ ಮೇಲೆ ಪುಟ್ಟಿ ಬಾಯಿ ಅರ್ಧ ತೆರೆದು ನಿಂತಿದ್ದಳು.

"ಸಿಗ್ತಾಳಾ ಅವಳು?"

"ಮೇಡಂ ಎಲ್ಲಾ ಕಡೆ ಕೇಳಿದ್ರು. ನಾನೂ ಅಜ್ಜಿ ಕಡೆಯವ್ರನ್ನೆಲ್ಲ ಕೇಳ್ದೆ. ಸಿಗಲ್ಲ ಅನ್ಸುತ್ತೆ."

"ಸುಳ್ಳಾದ್ರೂ... ಸಿಗ್ತಾಳೆ ಅನ್ಬಾರ್ದಾ?"

"ಖಾಲಿ ಜಾಗ ತುಂಬೋದು ಸಾಕು. ಖಾಲಿ ಇದ್ರೆ ಖಾಲಿ ಇರ್ಲಿ ಬಿಡು."

ಅವಳು ಬಿಕ್ಕುತ್ತಲೇ ತಲೆಯಾಡಿಸಿದಳು.

"ಹಾಗಾದ್ರೆ ನೀವು ಯಾಕೆ ಇನ್ನೂ ಇಲ್ಲೇ ಕೂತಿದ್ದೀರಾ? ತಿಳ್ಕೊಳ್ಳೋದು ತಿಳ್ಕೊಂಡಾಯ್ತಲ್ಲ."

ಅವನು ಗ್ರೀಸ್ ಅಂಟಿದ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಮತ್ತೆ ಒರೆಸಿಕೊಂಡ. ಆಮೇಲೆ ಅವಳ ಕೈ ಹಿಡಿದ.

"ಮಗಳು ಅಂತ ಇದ್ದವಳು ಹೋದ್ಲು. ನಿನ್ನ ಮೇಲೆ ಕೋಪ ಇನ್ನೂ ಹೋಗಿಲ್ಲ. ಆದ್ರೂ ಅಳೋಕೆ ಅಂತ ಕೂತ್ರೆ ನಿನ್ನ ಪಕ್ಕಾನೇ ಕೂರ್ಬೇಕು ಅನ್ಸುತ್ತೆ. ಇದಕ್ಕೆ ಏನಂತಾರೋ ಗೊತ್ತಿಲ್ಲ. ನೀನು ಬೇಕು ನನಗೆ."

ಗಿಣಿ ಬಾಯಿ ತೆರೆದಳು. ಮಗುವಿನ ದನಿ ಬರಲಿಲ್ಲ, ಮೊಲದ್ದೂ ಬರಲಿಲ್ಲ. ಬಂದದ್ದು ಅವಳದೇ ದನಿ. ಯಾರಿಗೂ ಬಾಡಿಗೆಗೆ ಕೊಡದೆ ಮೂಲೆಯಲ್ಲಿ ಬಿದ್ದಿದ್ದ, ಸ್ವಲ್ಪ ಒಡಕು ದನಿ.

"ನನಗೂ... ನೀವು ಬೇಕು."

ಎಸಿಯ ಗುಂಯ್‌ಗುಡುವಿಕೆಯಲ್ಲಿ ಅದು ಮುಳುಗಿಹೋಯಿತೇನೋ ಎಂದು ಅವಳಿಗೆ ಭಯವಾಯಿತು.

"ಕೇಳಿಸ್ತಾ?"

ಅವನು ಒಮ್ಮೆ ಪರದೆಯ ಮೇಲಿದ್ದ ಮುಖವನ್ನು ನೋಡಿದ. ಆಮೇಲೆ ಅವಳ ಹಣೆಗೆ ಹಣೆ ತಾಗಿಸಿದ.

"ಕೇಳಿಸ್ತು."