ದುರುಗಿ ಎರೆದ ಗಂಟೆ

ಬೆಟ್ಟಗಳು ಇನ್ನೂ ನಡೆದಾಡುತ್ತಿದ್ದ ಕಾಲದಲ್ಲಿ ಕಂಚಿನಗಿರಿ ಎಂಬ ರಾಜ್ಯವಿತ್ತು. ಅಲ್ಲಿ ದುರುಗಿಗೆ ‘ಇದು ನಿನ್ನ ಕೈಲಾಗದು’ ಎಂದವರು ಮೂವರು: ಹೆತ್ತಪ್ಪ, ಅರಮನೆಯ ಮಂತ್ರಿ, ಗಂಟೆ ಎರಕದ ಮನೆಯ ಒಡೆಯ ಕಂಚುಮಾರ. ಮೊದಲಿಬ್ಬರು ಬರೀ ಮನುಷ್ಯರು. ಮೂರನೆಯವನು ಮಾಟಗಾರ.

ಕೆಲಸಕ್ಕೆ ಸೇರಿದ ದಿನವೇ ಕಂಚುಮಾರ ಪ್ರತಿ ಆಳಿಗೂ ಕಡಗ ತೊಡಿಸುತ್ತಿದ್ದ. ಮಣ್ಣು ತುಳಿಯುವವಳು ಸಾಯುವತನಕ ಮಣ್ಣೇ ತುಳಿಯಬೇಕು, ಬೂದಿ ಹೊರುವವನು ಬೂದಿಯನ್ನೇ. ಬೇರೆ ಕೆಲಸ ಮುಟ್ಟಿದರೆ ಕಡಗ ಕೆಂಡವಾಗುತ್ತಿತ್ತು.

ವರ್ಷಕ್ಕೊಮ್ಮೆ ಶರಭವೆಂಬ ಘೋರ ಮೃಗ ಬೆಟ್ಟ ಇಳಿಯುತ್ತಿತ್ತು. ಒಡಕಿಲ್ಲದ ಗಂಟೆಯ ನಾದಕ್ಕೆ ಮಾತ್ರ ಅದು ಹೆದರುತ್ತಿತ್ತು. ಕಂಚುಮಾರನ ಗಂಟೆ ಪ್ರತಿ ವರ್ಷವೂ ಒಡಕು. ಪ್ರತಿ ವರ್ಷವೂ ಎರಕದ ಮನೆಯ ಒಂದು ಆಳು ಶರಭದ ಪಾಲು. ಆ ವರ್ಷ ಚೀಟಿ ಎದ್ದದ್ದು ಬೂದಿಯ ಕರಿಬಸಜ್ಜನಿಗೆ. ಅಪ್ಪ ಸತ್ತು ತಬ್ಬಲಿಯಾದ ದುರುಗಿಗೆ ಅನ್ನ ಇಟ್ಟಿದ್ದವನು ಅವನೇ.

“ಈ ಸಲ ಗಂಟೆ ನಾನು ಎರೆಯುತ್ತೇನೆ, ಒಡೆಯಾ.”

“ಮಣ್ಣು ತುಳಿಯುವ ಕಾಲಿಗೆ ಕಂಚಿನ ಆಸೆಯೇ?” ಕಂಚುಮಾರ ನಕ್ಕ. “ಮೂರು ಎರಕ ಕೊಟ್ಟೆ. ಸೋತರೆ ಮುದುಕನ ಜೊತೆ ನೀನೂ ಹೊರಡು.”

ಮೊದಲ ಗಂಟೆ ಸೀಳಿತು.

“ಬೆಂಕಿ ಇನ್ನೂ ಹಸಿ ಇತ್ತವ್ವ,” ಎಂದ ಕರಿಬಸಜ್ಜ.

“ಮೊದಲೇ ಹೇಳಬಾರದಿತ್ತೇ?”

“ನಲವತ್ತು ವರ್ಷದಿಂದ ಬೆಂಕಿ ನೋಡುತ್ತಿದ್ದೇನೆ. ಯಾರು ಕೇಳಿದರು?”

ಎರಡನೆಯದಕ್ಕೆ ಬೆಂಕಿ ನೋಡಿದವನು ಅಜ್ಜ. ಅವನ ಕಡಗ ಉರಿಯಿತು. ಹಲ್ಲು ಕಚ್ಚಿ ನಿಂತ. ಈ ಸಲ ಗಂಟೆ ಸೀಳಲಿಲ್ಲ, ಅಂಚು ಮುಕ್ಕಾಯಿತು. ದುರುಗಿ ಈಗ ಕೇಳುವುದನ್ನು ಕಲಿತಿದ್ದಳು. ಮೇಣ ಕಾಯಿಸುವ ಹಾಲಮ್ಮನ ಬಳಿ ಹೋದಳು.

“ಹಾಲಮ್ಮಕ್ಕಾ, ತಪ್ಪೆಲ್ಲಿ?”

“ಅಚ್ಚಿನ ಮೇಣ ತಿದ್ದಿದ ನಿನ್ನ ಬೆರಳು ದಪ್ಪ. ಕೊಡಿಲ್ಲಿ, ಕಡಗ ಉರಿದರೆ ಉರಿಯಲಿ.”

ಮೂರನೆಯ ಗಂಟೆ ಮುಕ್ಕಿಲ್ಲದೆ ಎದ್ದಿತು. ದುರುಗಿ ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ಒಳಗೆ ಎಳ್ಳಿನಷ್ಟು ಕಂಚು ಹೆರೆದಳು. ಕಡಗದ ಕೆಂಡಕ್ಕೆ ಅವಳ ಮುಂಗೈ ಸುಟ್ಟು ಕಪ್ಪಾಗಿತ್ತು. ಆದರೆ ಅಂಥ ಕಿವಿ ತನಗಿದೆ ಎಂದು ಅವಳಿಗೆ ತಿಳಿದದ್ದು ಆ ದಿನವೇ.

ಕಂಚುಮಾರನಿಗೂ ತಿಳಿಯಿತು. ಶಪಿಸಿದ: “ಈ ಗಂಟೆ ಎರೆದವಳ ಕೈಗೆ ಮಾತ್ರ ದನಿ ಕೊಡಲಿ. ದನಿ ಕೊಟ್ಟು ಅವಳ ಕಿವಿ ಕಿತ್ತುಕೊಳ್ಳಲಿ!”

ಶರಭ ಬಾಗಿಲಿಗೆ ಬಂದಿತ್ತು.

“ಬೇಡ ಮಗಳೇ, ನಾನು ಹಣ್ಣೆಲೆ. ಉದುರಲಿ ಬಿಡು.”

“ನೀನು ಉದುರಿದರೆ ಬೆಂಕಿ ನೋಡುವವರಾರು? ಸುಮ್ಮನಿರಜ್ಜ,” ಎಂದು ದುರುಗಿ ಬಾರಿಸಿದಳು.

ಶರಭ ಕಲ್ಲಾಯಿತು. ಕಡಗಗಳೆಲ್ಲ ಪುಡಿಯಾದವು. ಕಂಚುಮಾರ ಒಳಗೇನೂ ಇಲ್ಲದ ಅಚ್ಚಾಗಿ ಬಿರುಕುಬಿಟ್ಟ. ಜನ ಕುಣಿದರು, ಅತ್ತರು, ಸುಖವಾಗಿ ಉಂಡು ಉಟ್ಟು ಬಾಳಿದರು. ಮಂತ್ರಿ ಬಂದು, “ನನಗೆ ಮೊದಲೇ ಗೊತ್ತಿತ್ತು,” ಎಂದನಂತೆ. ಅದು ಅವಳಿಗೆ ಕೇಳಿಸಲಿಲ್ಲ. ಅಷ್ಟು ಲಾಭ.

ಈಗ ಎರಕದ ಮನೆ ದುರುಗಿಯದು. ಐದು ಕುಲುಮೆ, ಅರವತ್ತು ಆಳು. ಹೊಸಬರನ್ನು ಅವಳು ಒಂದು ವರ್ಷ ಎಲ್ಲ ಕೆಲಸಕ್ಕೂ ಹಚ್ಚಿ, ಯಾರ ಕೈ ಎಲ್ಲಿ ಅರಳುತ್ತದೆಂದು ಕಾಯುತ್ತಾಳೆ. ಅವರು ಎರೆದ ಗಂಟೆಗಳು ಏಳು ರಾಜ್ಯಗಳಲ್ಲಿ ಮೊಳಗುತ್ತವೆ. ಅವುಗಳಲ್ಲಿ ಒಂದನ್ನೂ ಅವಳು ಕೇಳಿಲ್ಲ.