ಹಾಕಿದವರೇ ತೆಗೆಯಬೇಕು

"ಲಿಫ್ಟು ಹಾಗೆಲ್ಲ ಬೀಳಲ್ಲ ಮೇಡಂ."

ಬೆನ್ನ ಹಿಂದಿನಿಂದ ಬಂದ ಮಾತಿಗೆ ಅವಳು ತಿರುಗಿಯೂ ನೋಡಲಿಲ್ಲ. ಮಧ್ಯಾಹ್ನದ ಬಿಡುವು ನಲವತ್ತು ನಿಮಿಷ. ಊಟಕ್ಕೆ ಹತ್ತು ಹೋದರೆ ಉಳಿಯುವುದು ಮೂವತ್ತು. ಆ ಮೂವತ್ತು ನಿಮಿಷ ಅವಳದು, ಅವಳು ಕಟ್ಟುತ್ತಿದ್ದ ಗೇಮಿನದು. ಅದರಲ್ಲಿ ಪಾಲು ಕೇಳಲು ಬಂದವರ ಮುಖ ನೋಡುವ ಕುತೂಹಲ ಅವಳಿಗೆ ಚೂರೂ ಇರಲಿಲ್ಲ.

"ಇದು ನನ್ನ ಲಿಫ್ಟು," ಅಂದಳು. "ನಾನು ಬೀಳು ಅಂದಾಗ ಬೀಳುತ್ತೆ."

"ಹಗ್ಗ ಕಡಿದರೂ ಬೀಳಲ್ಲ. ವೇಗ ಜಾಸ್ತಿ ಆದ ತಕ್ಷಣ ಎರಡೂ ಕಡೆ ಕಂಬಿ ಕಚ್ಚಿಕೊಂಡು ನಿಂತುಬಿಡುತ್ತೆ. ಹತ್ತು ವರ್ಷದಿಂದ ಇದೇ ಕೆಲಸ ನನ್ನದು."

"ಹತ್ತು ವರ್ಷದಿಂದ ಇದೇ ಕೆಲಸ. ಈ ಬಿಲ್ಡಿಂಗ್ ಲಿಫ್ಟು ಮಾತ್ರ ಯಾವಾಗ ನೋಡಿದ್ರೂ ಮೂರನೇ ಮಹಡೀಲಿ ನಿಂತಿರುತ್ತೆ."

"ನಿಂತಿರುತ್ತೆ. ಬಿದ್ದಿಲ್ಲವಲ್ಲ."

ಈಗ ಅವಳು ತಿರುಗಿದಳು. ಒಂದು ಕೈಯಲ್ಲಿ ಟೂಲ್ ಬ್ಯಾಗು, ಇನ್ನೊಂದರಲ್ಲಿ ಊಟದ ಡಬ್ಬಿ, ಕೆನ್ನೆಯ ಮೇಲೆ ಗ್ರೀಸಿನ ಗೀರು. ಮೆಟ್ಟಿಲ ಮೇಲೆ ಬಿಸಿಲು ಅಂತ ಲ್ಯಾಬ್ ನಡೆಸುವ ಡಾಕ್ಟರಮ್ಮ ಒಳಗೆ ಕೂತು ಊಟ ಮಾಡು ಅಂದಿದ್ದರಂತೆ. ಅವನು ನಕ್ಕ. ದಿನವಿಡೀ ಕೃತಕ ಹಲ್ಲು ಕಟ್ಟುವವಳ ಕಣ್ಣು ನೆಟ್ಟಗೆ ಹಲ್ಲಿಗೇ ಹೋಯಿತು. ಮೇಲಿನ ಎಡಗಡೆಯ ಕೋರೆಹಲ್ಲು ಸ್ವಲ್ಪ ಮುಂದೆ. ತಾನೇ ಕಟ್ಟುವುದಾಗಿದ್ದರೂ ಅದನ್ನು ಹಾಗೇ ಬಿಡುತ್ತಿದ್ದೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ನಾಲ್ಕನೇ ಮಹಡಿಯ ಆ ಹಲ್ಲಿನ ಲ್ಯಾಬಿನಲ್ಲಿ ಗೋಡೆಯುದ್ದಕ್ಕೂ ಪ್ಲಾಸ್ಟರ್ ದವಡೆಗಳು. ಅವಳ ಕೆಲಸ ಆ ದವಡೆಗಳ ಮೇಲೆ ಮೇಣ ಇಟ್ಟು, ದೀಪಕ್ಕೆ ಹಿಡಿದ ಸಣ್ಣ ಚಾಕುವಿನಿಂದ ಒಂದೊಂದೇ ಹಲ್ಲು ಕೂರಿಸುವುದು. ಒಂದು ಸೆಟ್ಟಿಗೆ ಇಪ್ಪತ್ತೆಂಟು. ಕೈ ಪಳಗಿತ್ತು, ಹೊಟ್ಟೆಪಾಡಿಗೆ ಕೊರತೆಯಿರಲಿಲ್ಲ. ಆದರೆ ನಾಲ್ಕು ವರ್ಷದ ಹಿಂದೆ ವಿಡಿಯೋ ನೋಡುತ್ತಾ ನೋಡುತ್ತಾ ಗೇಮ್ ಮಾಡುವುದನ್ನು ಕಲಿಯುವ ಹುಚ್ಚು ಹಿಡಿಯಿತು. ಪರದೆಯ ಮೇಲೆ ಒಂದು ಚೌಕವನ್ನು ಬಲಕ್ಕೆ ನಡೆಸಲು ಮೂರು ವಾರ ಹಿಡಿಯಿತು. ಆ ಚೌಕ ಕೊನೆಗೂ ನಡೆದ ದಿನ ಅವಳು ಲ್ಯಾಬಿನಲ್ಲಿ ಒಬ್ಬಳೇ ಕುಣಿದಿದ್ದಳು.

ತೊಂದರೆ ಏನೆಂದರೆ, ಯಾವುದೂ ಮುಗಿಯುತ್ತಿರಲಿಲ್ಲ. ಹನ್ನೊಂದು ಗೇಮ್ ಶುರು ಮಾಡಿ ಹನ್ನೊಂದನ್ನೂ ಅರ್ಧಕ್ಕೆ ಬಿಟ್ಟಿದ್ದಳು. ಅರ್ಧ ದಾರಿಗೆ ಬರುವ ಹೊತ್ತಿಗೆ ಹಳೆಯದು ಸಪ್ಪೆಯಾಗಿ, ಹೊಸದೊಂದು ಕಣ್ಣು ಹೊಡೆಯುತ್ತಿತ್ತು. ಬಸ್ ಕಂಡಕ್ಟರ್ ಆಗಿದ್ದ ಅಕ್ಕ, ಮನೆ ತುಂಬಾ ಜನ ಇದ್ದಾಗಲೇ ಕೇಳುವಳು, "ಏನೇ ಪುಟ್ಟಿ, ನಿನ್ನ ಬಸ್ಸು ಯಾವತ್ತಾದ್ರೂ ಕೊನೇ ಸ್ಟಾಪ್ ಮುಟ್ಟುತ್ತಾ?" ಎಲ್ಲರೂ ನಗುವರು. ಅವಳೂ ನಗುವಳು. ಆಮೇಲೆ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ದಡಬಡ ಜೋಡಿಸುವಳು.

ಈ ಲಿಫ್ಟಿನದು ಹನ್ನೆರಡನೆಯದು. ಒಂಬತ್ತು ಮಹಡಿ, ಒಬ್ಬ ಲಿಫ್ಟಿನ ಹುಡುಗಿ. ಹತ್ತಿದವರನ್ನು ಅವರವರ ಮಹಡಿಗೆ ಮುಟ್ಟಿಸಬೇಕು. ತಡವಾದಷ್ಟೂ ಹಗ್ಗದ ಎಳೆ ಸವೆಯುತ್ತದೆ, ಕೊನೆಯ ಎಳೆ ಕಡಿದರೆ ಧಡ್ ಅಂತ ಬೀಳುತ್ತದೆ. ಇದೂ ಅರ್ಧಕ್ಕೇ ನಿಂತರೆ ಕಂಪ್ಯೂಟರ್ ಅಕ್ಕನ ಮಗಳಿಗೆ ಅಂತ ಮಾತಾಗಿತ್ತು. ಅದು ಅಕ್ಕನೇ ಕೊಟ್ಟಿದ್ದ ಲ್ಯಾಪ್‌ಟಾಪು, ಮಗಳು ರಜೆ ಮುಗಿದ ಮೇಲೆ ಕಾಲೇಜು ಸೇರುವವಳು. ಅಕ್ಕ ಕೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಅದೇ ಹೆಚ್ಚು ಚುಚ್ಚುತ್ತಿತ್ತು.

ಲಿಫ್ಟಿನವನು ಮುಂದಿನ ಸೋಮವಾರವೂ ಬಂದ. ಅದರ ಮುಂದಿನ ಸೋಮವಾರವೂ.

"ಒಂದ್ಸಲ ಆಡಲಾ?"

"ಆಡಿ. ಉಪದೇಶ ಬೇಡ."

ಆಡಲು ಕೂತರೆ ಅವನೊಂದು ಪೀಕಲಾಟ. ಪ್ರತಿ ಮಹಡಿಯಲ್ಲೂ ಲಿಫ್ಟ್ ನಿಲ್ಲಿಸಿ, ಬಾಗಿಲು ತೆಗೆದು, ಆಚೀಚೆ ನೋಡಿ, ಮತ್ತೆ ಬಾಗಿಲು ಹಾಕುವನು. ಅಷ್ಟರಲ್ಲಿ ಹಗ್ಗ ಸವೆದು ಲಿಫ್ಟ್ ಪಾತಾಳ ಸೇರುವುದು. ಒಳಗಿದ್ದ ಮುದುಕಿ ಶಾಪ ಹಾಕುವಳು.

"ಬಿತ್ತು," ಅನ್ನುವಳು ಅವಳು, ಖುಷಿಯಿಂದ.

"ಬೀಳಲ್ಲ," ಅನ್ನುವನು ಅವನು, ಮತ್ತೆ ಮೊದಲಿನಿಂದ ಶುರು ಮಾಡುತ್ತಾ. ಪರದೆ ನೋಡುವ ನೆಪದಲ್ಲಿ ಅವಳು ಆ ಕೈ ನೋಡುವಳು. ಎಷ್ಟು ತೊಳೆದರೂ ಉಗುರಿನಂಚಿನ ಕಪ್ಪು ಹೋಗದ ಕೈ. ಕೀಬೋರ್ಡ್ ಕೊಳೆಯಾದೀತೆಂದು ಎರಡೇ ಬೆರಳಿನ ತುದಿಯಲ್ಲಿ ಆಡುತ್ತಿತ್ತು. ಅವನು ತಲೆಯೆತ್ತಿದರೆ ಅವಳು ಥಟ್ಟನೆ ಗೋಡೆಯ ದವಡೆಗಳನ್ನು ಎಣಿಸುವಳು.

ಹೋಗುವಾಗ ಅವನದು ಒಂದೇ ಪ್ರಶ್ನೆ. "ಎಷ್ಟನೇ ಮಹಡಿ ಆಯ್ತು?"

ಮೊದಲು ಮೂರು ಅಂದಳು. ಆಮೇಲೆ ನಾಲ್ಕು. ಆಮೇಲೆ ಮತ್ತೆ ನಾಲ್ಕು. ಐದನೇ ಸೋಮವಾರ ನಾಲ್ಕು ಅನ್ನಲು ನಾಚಿಕೆಯಾಗಿ "ಐದು" ಅಂದುಬಿಟ್ಟಳು. ಅವನು ಕೂತು ಆಡಿದ, ಐದರ ಬಟನ್ ಒತ್ತಿದ. ಬಾಗಿಲು ತೆರೆದರೆ ಆಚೆ ಏನೂ ಇಲ್ಲ, ಬರೀ ಕಪ್ಪು. ಅವಳ ಕಿವಿ ಬಿಸಿಯಾಯಿತು.

ಅವನು ಬಾಗಿಲು ಹಾಕಿ, ಲಿಫ್ಟನ್ನು ಮೆಲ್ಲಗೆ ನಾಲ್ಕಕ್ಕೆ ಇಳಿಸಿದ. "ಕಟ್ಟುವಾಗ ಎಲ್ಲ ಬಿಲ್ಡಿಂಗೂ ಹೀಗೇ ಇರುತ್ತೆ," ಅಂದ. ಡಬ್ಬಿ ಎತ್ತಿಕೊಂಡು ಹೊರಟ. ಬೈದಿದ್ದರೆ ವಾಸಿಯಿತ್ತು.

ಐದನೇ ಮಹಡಿ ಅವಳನ್ನು ಎರಡು ತಿಂಗಳು ಸತಾಯಿಸಿತು. ತೆಗೆದರೆ ಆಕಳಿಕೆ. ಕೂತರೆ ಬೇರೆ ಯೋಚನೆ. ತನಗಿಂತ ಅರ್ಧ ವಯಸ್ಸಿನವರು ವಾರಕ್ಕೊಂದು ಗೇಮ್ ಮುಗಿಸಿ ತೋರಿಸುವ ವಿಡಿಯೋಗಳು ಬೇರೆ. ಕೊನೆಗೆ ಒಂದು ಸೋಮವಾರ ಮಧ್ಯಾಹ್ನ ಅಕ್ಕ ಫೋನ್ ಮಾಡಿ, "ಏನಾಯ್ತೇ?" ಅಂದಾಗ ಅವಳಿಗೇ ಸಾಕಾಗಿಹೋಗಿತ್ತು.

"ಬಂದು ತಗೊಂಡು ಹೋಗಕ್ಕ. ನನ್ನ ಕೈಲಿ ಆಗಲ್ಲ."

"ಎರಡು ಗಂಟೆಗೆ ಡ್ಯೂಟಿ ಮುಗಿಯುತ್ತೆ, ಬರ್ತೀನಿ."

ಮೂಲೆಯಲ್ಲಿ ಊಟ ಮಾಡುತ್ತಿದ್ದ ಲಿಫ್ಟಿನವನು ತಲೆಯೆತ್ತಿ ನೋಡಿದ್ದು ಅವಳಿಗೆ ಗೊತ್ತಾಯಿತು. ಅವಳು ನೋಡಲಿಲ್ಲ. ಪಾಲಿಶ್ ಮಾಡುವ ಒಳಕೋಣೆಗೆ ಹೋಗಿ, ಯಾರದೋ ಕೆಳದವಡೆಯನ್ನು ಮೆಷಿನ್ನಿಗೆ ಹಿಡಿದು ಬೇಕಾದ್ದಕ್ಕಿಂತ ಹೆಚ್ಚೇ ಹೊಳೆಯಿಸಿದಳು.

ಹೊರಗೆ ಬಂದಾಗ ಅವನಿರಲಿಲ್ಲ. ಲ್ಯಾಪ್‌ಟಾಪಿನ ಮುಚ್ಚಳಕ್ಕೆ ದಾರ ಸುತ್ತಿ ಒಂದು ಕೆಂಪು ಟ್ಯಾಗ್ ಕಟ್ಟಿತ್ತು. ದಪ್ಪ ಅಕ್ಷರದಲ್ಲಿ 'ಮುಟ್ಟಬೇಡಿ', ಕೆಳಗೆ ಅವನ ಸಹಿ.

ಆ ಟ್ಯಾಗ್ ಅವಳಿಗೆ ಗೊತ್ತು. ಲಿಫ್ಟ್ ಕೆಟ್ಟು ನಿಂತಾಗಲೆಲ್ಲ ನೋಡಿದ್ದಳು. ಕೆಟ್ಟದ್ದಕ್ಕೆ ಕಟ್ಟುವ ಚೀಟಿ ಅದು. ಅಂದರೆ ಇವನೂ ನಗುತ್ತಿದ್ದಾನೆ. ಮನೆಯವರು ನಕ್ಕಿದ್ದಾಯಿತು, ಈಗ ವಾರಕ್ಕೊಮ್ಮೆ ಬಂದು ಡಬ್ಬಿ ತಿನ್ನುವವನೂ.

ಅವಳು ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಐದು ಮಹಡಿ ಮೆಟ್ಟಿಲು ಹತ್ತಿ ತಾರಸಿಗೆ ಹೋದಳು. ಲಿಫ್ಟಿನ ಮೆಷಿನ್ ರೂಮಿನಲ್ಲಿ ಅವನು ದೊಡ್ಡ ಚಕ್ರದ ಹಿಂದೆ ಬಗ್ಗಿ ಕೂತಿದ್ದ.

"ಇದು ಕೆಟ್ಟಿದೆ ಅಂತ ಹೇಳೋಕೆ ನೀವ್ಯಾರ್ರೀ?" ಉಸಿರು ಸಿಗುವ ಮುಂಚೆಯೇ ಕೇಳಿದಳು. "ಕೆಟ್ಟಿಲ್ಲ. ನಾಲ್ಕು ಮಹಡಿ ಎದ್ದು ನಿಂತಿದೆ. ಒಂದೊಂದು ಇಟ್ಟಿಗೇನೂ ನಾನೇ ಇಟ್ಟಿದ್ದು, ಊಟದ ಬಿಡುವಲ್ಲಿ ಕೂತು. ನಗೋರಿಗೆ ಒಂದು ಬಾಗಿಲು ತೆಗೆಯೋಕೆ ಬರುತ್ತಾ ಇದರಲ್ಲಿ?"

ಅವನು ಎದ್ದು, ಕೈ ಒರೆಸಿಕೊಂಡು, ಗೋಡೆ ಕಡೆ ತೋರಿಸಿದ. ಅಲ್ಲಿ ಮೇನ್ ಸ್ವಿಚ್ಚಿಗೆ ಅಂಥದೇ ಕೆಂಪು ಟ್ಯಾಗ್ ನೇತಾಡುತ್ತಿತ್ತು.

"ಅದು ಕೆಟ್ಟಿದೆ ಅಂತಲ್ಲ ಮೇಡಂ. ನನ್ನ ಕೈ ಈ ಚಕ್ರದೊಳಗಿರುವಾಗ ಯಾರಾದ್ರೂ ಸ್ವಿಚ್ ಹಾಕಿದ್ರೆ ಕೈ ಹೋಯ್ತು. ಅದಕ್ಕೇ ಕಟ್ಟೋದು. ಒಳಗೆ ಕೆಲಸ ನಡೀತಿದೆ, ಬೇರೆಯವರು ಕೈ ಹಾಕಬೇಡಿ ಅಂತ. ಹಾಕಿದವರೇ ತೆಗೆಯಬೇಕು. ಬಿಲ್ಡಿಂಗ್ ಓನರ್ ಬಂದ್ರೂ ಮುಟ್ಟೋ ಹಾಗಿಲ್ಲ."

ಅವಳು ಕಂಕುಳಿನ ಲ್ಯಾಪ್‌ಟಾಪನ್ನು ಮುಂದಕ್ಕೆ ತಂದು ಟ್ಯಾಗನ್ನು ಇನ್ನೊಮ್ಮೆ ಓದಿದಳು.

"ನಿಮ್ಮಕ್ಕ ತಗೊಂಡು ಹೋಗ್ತಾರೆ ಅಂತ ಕೇಳಿಸ್ತು," ಅಂದ ಅವನು, ದನಿ ತಗ್ಗಿಸಿ. "ಕೇಳದೆ ಕಟ್ಟಿದ್ದು ತಪ್ಪು. ಬೇಡ ಅಂದ್ರೆ ಈಗಲೇ ತೆಗೀತೀನಿ."

ಬೇಡ ಅನ್ನುವುದು ಎಷ್ಟು ಸುಲಭವಿತ್ತು. ಹನ್ನೊಂದು ಸಲ ಅಂದಾಗಿತ್ತು. ಆದರೆ ಈಗಷ್ಟೇ ಐದು ಮಹಡಿ ಹತ್ತಿ ಬಂದು ಜಗಳವಾಡಿದವಳು ತಾನೇ ಅಲ್ಲವೇ. ಬೇಡವಾದ ವಸ್ತುವಿಗೆ ಯಾರೂ ಇಷ್ಟು ಜಗಳವಾಡುವುದಿಲ್ಲ ಅನ್ನುವುದು ಅವಳಿಗೆ ಆ ಚಕ್ರದ ಪಕ್ಕ ನಿಂತಾಗ ಹೊಳೆಯಿತು.

"ಇರಲಿ," ಅಂದಳು.

ಅಕ್ಕ ಎರಡು ಗಂಟೆಗೆ ಸರಿಯಾಗಿ ಬಂದಳು, ಟ್ಯಾಗ್ ನೋಡಿದಳು, ಪಕ್ಕದಲ್ಲಿ ನಿಂತಿದ್ದ ಗ್ರೀಸಿನ ಮುಖವನ್ನೂ ನೋಡಿದಳು. "ಇದೇನು ಹೊಸ ನಾಟಕ?"

"ಕೆಲಸ ನಡೀತಿದೆ ಅಕ್ಕಾವ್ರೇ," ಅಂದ ಅವನು. "ಒಂದು ಎರಡು ವಾರ..."

"ನೀವು ಸುಮ್ನಿರಿ," ಅಂದಳು ಅವಳು. "ನನ್ನ ಪರವಾಗಿ ಯಾರೂ ಟೈಮ್ ಕೇಳೋದು ಬೇಡ. ಅಕ್ಕ, ಉಳಿದಿರೋದು ಐದು ಮಹಡಿ. ನಾಳೆಯಿಂದ ಶನಿವಾರದವರೆಗೆ ಐದು ದಿನ. ಸೋಮವಾರ ನೀನೇ ಬಂದು ಕೊನೇವರೆಗೂ ಆಡು. ಕೊನೆ ಮುಟ್ಟಲಿಲ್ಲ ಅಂದ್ರೆ ನಾನೇ ಹೊತ್ತು ತಂದು ಕೊಡ್ತೀನಿ. ಮುಟ್ಟಿದ್ರೆ, ಸಂಜೆ ಹೊತ್ತು ನಿನ್ನ ಮಗಳು ಬಳಸಲಿ, ಮಧ್ಯಾಹ್ನದ ಮೂವತ್ತು ನಿಮಿಷ ಮಾತ್ರ ನಾನು ಯಾರಿಗೂ ಕೊಡಲ್ಲ."

ಅಕ್ಕ ತಂಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಪಾತ್ರೆ ದಡಬಡಿಸುವವಳು ಬಾಯಿಬಿಟ್ಟು ಮಾತಾಡಿದ್ದು ಇದೇ ಮೊದಲು. "ಆಯ್ತು," ಅಂದಳು.

ಮಂಗಳವಾರ ಐದನೇ ಮಹಡಿ ತೆಗೆದರೆ ಅದೇ ಆಕಳಿಕೆ. ಪಕ್ಕದಲ್ಲಿ ಬೆಳಗ್ಗೆ ಅರ್ಧ ಕೂರಿಸಿದ್ದ ಸೆಟ್ಟು, ಹದಿನಾಲ್ಕು ಹಲ್ಲು ಬಾಕಿ. ಅವಳು ಅದನ್ನೇ ನೋಡುತ್ತಾ ಕೂತಳು. ಕೆಳಗಿನ ದವಡೆಹಲ್ಲು ಕೂರಿಸುವಾಗ ತನಗೆ ಮೂಡ್ ಇದೆಯಾ ಅಂತ ಅವಳು ಈವರೆಗೆ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಹದಿನಾಲ್ಕಕ್ಕೆ ಬೇಜಾರಾಯಿತು ಅಂತ ಯಾರಿಗೂ ಅರ್ಧ ಬಾಯಿ ಕಟ್ಟಿ ಕಳಿಸಿರಲಿಲ್ಲ. ಬೇಜಾರಾದರೆ ಆಗಲಿ, ಮುಂದಿನ ಹಲ್ಲು. ಅವಳು ಆಕಳಿಸುತ್ತಲೇ ಐದನೇ ಮಹಡಿಗೆ ಗೋಡೆ ಎಬ್ಬಿಸಿದಳು. ಕುರೂಪಿಯಾಗಿತ್ತು. ಆದರೆ ಬಾಗಿಲು ತೆಗೆದರೆ ಕಪ್ಪು ಇರಲಿಲ್ಲ.

ಬುಧವಾರ ಆರು. ಗುರುವಾರ ಏಳು ಕೈಕೊಟ್ಟಿತು, ಹತ್ತಿದವರೆಲ್ಲ ನೆಲದೊಳಗೆ ಹೂತುಹೋಗುತ್ತಿದ್ದರು. ಊಟ ಬಿಟ್ಟು ಸರಿಮಾಡಿದಳು. ಶುಕ್ರವಾರ ಎಂಟು. ಕೆಂಪು ಟ್ಯಾಗ್ ಪರದೆಯ ಪಕ್ಕ ನೇತಾಡುತ್ತಲೇ ಇತ್ತು. ಅವನ ಸಹಿ ಎಷ್ಟು ಕೆಟ್ಟದಾಗಿದೆ ಅಂತ ದಿನಕ್ಕೆ ಹತ್ತು ಸಲ ನೋಡುತ್ತಿದ್ದಳು. ಲಿಫ್ಟ್ ಕೆಟ್ಟರೆ ಫೋನ್ ಮಾಡುವ ನೆಪವಿತ್ತು. ಹಾಳಾದ್ದು ಆ ವಾರ ಒಮ್ಮೆಯೂ ಮೂರನೇ ಮಹಡಿಯಲ್ಲಿ ನಿಲ್ಲಲಿಲ್ಲ. ಶನಿವಾರ ಒಂಬತ್ತನೇ ಮಹಡಿಗೆ ಒಬ್ಬ ಹೊಸ ಪ್ಯಾಸೆಂಜರನ್ನು ಹತ್ತಿಸಿದಳು. ಅವನಿಗೊಂದು ಬ್ಯಾಗು ಕೊಟ್ಟಳು. ಸ್ವಲ್ಪ ಯೋಚಿಸಿ ಕೆನ್ನೆಗೊಂದು ಕಪ್ಪು ಗೀರು ಎಳೆದಳು.

ಸೋಮವಾರ ಅಕ್ಕ ಯೂನಿಫಾರ್ಮಿನಲ್ಲೇ ಬಂದು ಕೂತಳು. ಏಳರಲ್ಲಿ ಎರಡು ಸಲ ಬಿದ್ದಳು, ಮುದುಕಿಗೆ ತಿರುಗಿ ಬೈದಳು, "ಒಳಗೆ ಸರೀರಿ, ಒಳಗೆ" ಅಂತ ಪರದೆಗೇ ಗದರಿದಳು. ಒಂಬತ್ತು ಮುಟ್ಟಿ, ಮುಗಿಯಿತು ಅಂತ ಬರೆದದ್ದು ಬಂದ ಮೇಲೂ ಸ್ವಲ್ಪ ಹೊತ್ತು ನೋಡುತ್ತಲೇ ಕೂತಿದ್ದಳು.

"ಬೆರಳು ನೋವು ಬಂತು," ಅಂದಳು. ಎದ್ದು, ತಂಗಿಯ ಕೆನ್ನೆ ಹಿಡಿದು ಗಟ್ಟಿಯಾಗಿ ಹಿಂಡಿದಳು. ಅಕ್ಕನ ಕಣ್ಣು ಒದ್ದೆಯಾಗಿತ್ತು. "ಸಂಜೆ ಮಾತ್ರ ಅಂತ ಮಗಳಿಗೆ ಹೇಳ್ತೀನಿ." ಬಾಗಿಲ ಹತ್ತಿರ ಹೋದವಳು ಮೆಟ್ಟಿಲ ಕಡೆ ಬಗ್ಗಿ ನೋಡಿ, "ಪುಟ್ಟಿ, ನಿನ್ನ ಕೊನೇ ಪ್ಯಾಸೆಂಜರು ಹತ್ತಿ ಬರ್ತಿದ್ದಾನೆ ನೋಡು," ಅಂತ ಇಡೀ ಬಿಲ್ಡಿಂಗಿಗೆ ಕೇಳುವಂತೆ ಹೇಳಿ ಹೋದಳು.

ಅವನು ಬಂದು ಏನೂ ಕೇಳದೆ ಕೂತು ಆಡಿದ. ಆರು ಸಲ ಬಿದ್ದ. ಏಳನೇ ಸಲ ಒಂಬತ್ತರ ಹತ್ತಿರ ಬ್ಯಾಗಿನವನು ಒಳಗಿದ್ದಾಗ ಕೊನೆಯ ಎಳೆ ಕಡಿಯಿತು. ಲಿಫ್ಟ್ ಜಾರಿತು. ಗಕ್ಕನೆ ಎರಡೂ ಕಡೆ ಕಂಬಿ ಕಚ್ಚಿ ನಿಂತಿತು. ಬ್ಯಾಗಿನವನು ಬಾಗಿಲು ತೆರೆದು ಲಿಫ್ಟಿನ ಹುಡುಗಿಯ ಕೈ ಹಿಡಿದು ಮೇಲಕ್ಕೆ ಹತ್ತಿಸಿದ.

ಅವನ ಎರಡು ಬೆರಳು ಕೀಬೋರ್ಡಿನ ಮೇಲೇ ಉಳಿದವು. "ಅಂತೂ ಒಪ್ಪಿಕೊಂಡ್ರಿ. ಬೀಳಲ್ಲ ಅಂತ."

"ಒಪ್ಪಿಲ್ಲ. ಬೇರೆ ಎಲ್ಲರಿಗೂ ಬೀಳುತ್ತೆ. ಅವನಿದ್ರೆ ಮಾತ್ರ ಬೀಳಲ್ಲ."

ಅವನು ಕೀಬೋರ್ಡಿನಿಂದ ಬೆರಳೆತ್ತಿದ. ಆಮೇಲೆ ದಾರ ಬಿಚ್ಚಿ ಟ್ಯಾಗ್ ತೆಗೆದ. "ಈ ಬಿಲ್ಡಿಂಗಿಗೆ ತಿಂಗಳಿಗೊಂದೇ ಸರ್ವಿಸು," ಅಂದ, ಟ್ಯಾಗನ್ನೇ ನೋಡುತ್ತಾ. "ಉಳಿದ ಸೋಮವಾರ ಯಾಕೆ ಬಂದೆ ಅಂತ ನೀವು ಕೇಳಲೇ ಇಲ್ಲ."

"ಈಗ ಕೇಳ್ತಿದ್ದೀನಿ."

"ನಿಮ್ಮ ಜೊತೆ ಜಗಳ ಆಡದ ವಾರ ನನಗೆ ವಾರ ಅಂತ ಅನ್ನಿಸಲ್ಲ. ನೀವು ಅಂದ್ರೆ ನನಗೆ ಅಷ್ಟು ಇಷ್ಟ."

ಅವಳು ಅವನ ಕೈಯಿಂದ ಟ್ಯಾಗ್ ಕಸಿದುಕೊಂಡಳು. ಅವನ ಸಹಿ ಹೊಡೆದುಹಾಕಿ ಕೆಳಗೆ ತನ್ನ ಸಹಿ ಹಾಕಿದಳು. ಅವನ ಅಂಗಿಯ ಮೇಲಿನ ಗುಂಡಿಗೆ ದಾರ ಸುತ್ತಿ, ಎರಡು ಗಂಟು ಬಿಗಿದಳು.

"ಇದನ್ನ ತೆಗೆಯೋದು ಯಾವಾಗ?" ಅವನು ಎದೆಯತ್ತ ಬಗ್ಗಿ ಅವಳ ಸಹಿ ನೋಡಿದ.

"ಕೆಲಸ ಮುಗಿದ ಮೇಲೆ. ಅರ್ಧಕ್ಕೆ ಬಿಡೋ ಅಭ್ಯಾಸ ನನಗಿತ್ತು, ಈಗಿಲ್ಲ."

ಅವನು ಆ ಸಂಜೆ ಇನ್ನೂ ಮೂರು ಬಿಲ್ಡಿಂಗುಗಳ ಲಿಫ್ಟ್ ನೋಡಬೇಕಿತ್ತು. ಎಲ್ಲ ಕಡೆಯೂ ಎದೆಯ ಮೇಲೆ 'ಮುಟ್ಟಬೇಡಿ' ಅಂತ ನೇತುಹಾಕಿಕೊಂಡೇ ಓಡಾಡಿದ. ಜನ ನಕ್ಕರು, ತೆಗೆಯಯ್ಯ ಮಾರಾಯ ಅಂದರು. ಅವನು ಗುಂಡಿಗೆ ಕೈ ಹಾಕಲಿಲ್ಲ. ಹಾಕಿದವಳು ನಾಲ್ಕನೇ ಮಹಡಿಯಲ್ಲಿ ಹದಿಮೂರನೇ ಗೇಮ್ ಶುರು ಮಾಡಿದ್ದಳು.